‘ಯಾಕ’ ಬಿಟ್ಟು ‘ಏನಾತು’ ಅಂತ ಕೇಳಿದ ಮೇಲೆ

ಫೌಂಡ್ರಿಯ ಎರಡನೇ ಪಾಳಿಯಲ್ಲೇ ಎರಕದ ಮಾಲು ಹೆಚ್ಚು ಕೆಡುತ್ತಿದೆ ಎಂದು ನಾನು ಗೋಡೆಯ ಮೇಲೆ ಕೆಂಪು ಕಂಬಗಳ ಗ್ರಾಫ್ ಬಿಟ್ಟಾಗ ಆ ಕೋಣೆಯಲ್ಲಿ ಏಳು ಜನ ಇದ್ದೆವು. ಮಾಲೀಕರು, ಅವರ ತಮ್ಮ, ಪ್ರೊಡಕ್ಷನ್ ಮ್ಯಾನೇಜರ್, ಎರಡು ಪಾಳಿಯ ಸೂಪರ್‌ವೈಸರ್‌ಗಳು, ನಮ್ಮ ಕನ್ಸಲ್ಟಿಂಗ್ ಆಫೀಸಿನ ಮೇಡಂ ಮತ್ತು ನಾನು. ಟೇಬಲ್ ಮೇಲೆ ಕುಂದಾ ಇಟ್ಟಿದ್ದರು, ಯಾರೂ ಮುಟ್ಟಿರಲಿಲ್ಲ. ಎರಡನೇ ಪಾಳಿಯ ಸೂಪರ್‌ವೈಸರ್‌ಗೆ ಫೌಂಡ್ರಿಯಲ್ಲಿ ಎಲ್ಲರೂ ಕಾಕಾ ಅನ್ನುತ್ತಾರೆ. ಅವರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡು ಗೋಡೆ ನೋಡಿ, ನನ್ನನ್ನು ಕೇಳಿದರು.

‘ಮೇಡಂರ, ಈ ತಾರೀಖು ಎಲ್ಲಿಂದ ತಗೊಂಡ್ರಿ?’

‘ನಿಮ್ಮ ರಿಜೆಕ್ಷನ್ ರಜಿಸ್ಟರ್‌ದಾಗಿಂದನ ರೀ.’

‘ಅದು ಎರಕ ಹೊಯ್ದ ತಾರೀಖಲ್ರಿ. ಮಾಲು ಚೆಕ್ ಮಾಡಿದ ತಾರೀಖು. ಶಾಟ್ ಬ್ಲಾಸ್ಟ್‌ನಾಗ ಮೈ ಸ್ವಚ್ಛ ಆಗಿ ಬಂದಿದ್ದು ಸಂಜೀಮುಂದ ಚೆಕ್ ಆಗತೈತಿ. ಹಂಗಂದ್ರ ಯಾರ್ ಹೊಯ್ದಿದ್ರೂ ನಮ್ಮ ಪಾಳಿ ಹೆಸರಿಗೇ ಬೀಳತೈತಿ.’

ಅಷ್ಟೇ ಹೇಳಿ ಸುಮ್ಮನಾದರು. ಜೋರು ಮಾಡಿದ್ದರೆ ಚೆನ್ನಾಗಿತ್ತು, ನಾನೂ ಏನಾದರೂ ಅನ್ನಬಹುದಿತ್ತು. ಪ್ರೊಜೆಕ್ಟರ್ ಫ್ಯಾನಿನ ಸದ್ದು ಅಷ್ಟು ದೊಡ್ಡದಿರುತ್ತದೆ ಅಂತ ನನಗೆ ಗೊತ್ತಾಗಿದ್ದು ಅವತ್ತು.

ನಾನು ಜಮಖಂಡಿ ಕಡೆಯವಳು. ಬಾಗಲಕೋಟೆಯಲ್ಲಿ ಮೆಕ್ಯಾನಿಕಲ್ ಓದಿ, ಬೆಂಗಳೂರಿಗೆ ಹೋಗದೆ ಬೆಳಗಾವಿಯಲ್ಲಿ ಒಂದು ಸಣ್ಣ ಕನ್ಸಲ್ಟಿಂಗ್ ಆಫೀಸು ಸೇರಿದೆ. ಐದೇ ಜನ. ಟಿಳಕವಾಡಿ ಎರಡನೇ ಗೇಟಿನ ಹತ್ತಿರ ಒಂದು ಮನೆಯ ಮೇಲ್ಮಹಡಿ. ರೈಲು ಬಂದು ಗೇಟು ಬಿದ್ದಾಗ ಹಾರ್ನ್ ಗದ್ದಲಕ್ಕೆ ಫೋನ್ ಮಾತು ನಿಲ್ಲಿಸಬೇಕಾಗುತ್ತದೆ. ಊರಲ್ಲಿ ನಮ್ಮವ್ವನಿಗೆ ಈ ಕೆಲಸ ಏನು ಅಂತ ತಿಳಿಸಿ ಹೇಳಲಿಕ್ಕೆ ನನಗೆ ಈಗಲೂ ಬಂದಿಲ್ಲ. ‘ಮಂದಿ ಕಾರ್ಖಾನಿಗೆ ಹೋಗಿ ಬುದ್ಧಿ ಹೇಳಿ ರೊಕ್ಕ ತಗೋತಾಳ’ ಅಂತ ಓಣಿಯಲ್ಲಿ ಹೇಳಿಕೊಂಡು ಬಂದಿದ್ದಾಳೆ. ಮೊದಲ ಮೂರು ವಾರ ನಾನೂ ಹಾಗೇ ಅಂದುಕೊಂಡಿದ್ದೆ ಅನ್ನಬೇಕು.

ಕಾಲೇಜಿನ ಕೊನೆಯ ವರ್ಷ ನಮಗೆ ಸಾಫ್ಟ್ ಸ್ಕಿಲ್ಸ್ ಅಂತ ತರಬೇತಿ ಇತ್ತು. ಕೈ ಹೇಗೆ ಕುಲುಕಬೇಕು, ಕುರ್ಚಿಯಲ್ಲಿ ಹೇಗೆ ಕೂರಬೇಕು, ಗ್ರೂಪ್ ಡಿಸ್ಕಷನ್‌ನಲ್ಲಿ ಎಲ್ಲರಿಗಿಂತ ಮೊದಲು ಹೇಗೆ ಬಾಯಿ ಹಾಕಬೇಕು, ಇಂಗ್ಲಿಷಿನಲ್ಲಿ ತಡವರಿಸದೆ ಎರಡು ನಿಮಿಷ ಹೇಗೆ ಮಾತಾಡಬೇಕು. ನಾನು ಅದರಲ್ಲಿ ಫಸ್ಟು. ಉದ್ಯಮಬಾಗದ ಫೌಂಡ್ರಿಯಲ್ಲಿ ಅದರಲ್ಲಿ ಒಂದೂ ಉಪಯೋಗಕ್ಕೆ ಬರಲಿಲ್ಲ. ಮೊದಲು ಬಾಯಿ ಹಾಕುವ ಚಟವಂತೂ ತಿರುಗಿ ಬಂದು ಬಡಿಯಿತು.

ಕೆಲಸ ಏನಿತ್ತು ಅಂದರೆ, ಪಂಪು, ವಾಲ್ವುಗಳಿಗೆ ಬೀಡುಕಬ್ಬಿಣದ ಬಾಡಿ ಎರಕ ಹೊಯ್ಯುವ ಫೌಂಡ್ರಿ ಅದು. ನೂರಕ್ಕೆ ಎಂಟು–ಒಂಬತ್ತು ಮಾಲು ತಿರಸ್ಕೃತವಾಗುತ್ತಿತ್ತು. ಹೆಚ್ಚಿನವು ಉಸುಕು ಬಿದ್ದ ಮಾಲು, ಅಂದರೆ ಉಸುಕಿನ ಅಚ್ಚಿನ ಅಂಚು ಉದುರಿ ಲೋಹದೊಳಗೆ ಸೇರಿ, ಮೈಮೇಲೆ ಮೈಲಿ ಕಲೆಯಂಥ ಕುಳಿ ಬಿದ್ದವು. ಕಾರಣ ಹುಡುಕಿ ಕೊಡಿ ಅಂತ ಮಾಲೀಕರು ಕೇಳಿದ್ದರು. ನಾನು ರಜಿಸ್ಟರ್ ಹಿಡಿದು, ಎರಡು ವಾರ ಎಸಿ ಕೋಣೆಯಲ್ಲಿ ಕೂತು, ಎಕ್ಸೆಲ್‌ನಲ್ಲಿ ಎಲ್ಲ ತುಂಬಿ ಆ ಗ್ರಾಫ್ ಮಾಡಿದ್ದೆ. ಫೌಂಡ್ರಿ ಒಳಗೆ ದಿನಕ್ಕೆ ಒಂದು ಸಲ ಹೆಲ್ಮೆಟ್ ಹಾಕಿಕೊಂಡು ಸುತ್ತು ಹೊಡೆದು ಬರುತ್ತಿದ್ದೆ, ಜಾತ್ರೆ ನೋಡಿ ಬಂದ ಹಾಗೆ.

ಮೀಟಿಂಗ್ ಮುಗಿಸಿ ಹೊರಗೆ ಬಂದ ಮೇಲೆ ಮೇಡಂ ಬೈಯಲಿಲ್ಲ. ಮೂರನೇ ಗೇಟಿನ ಹತ್ತಿರ ಚಾ ಅಂಗಡಿಗೆ ಕರೆದುಕೊಂಡು ಹೋಗಿ ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನ ನಿನ್ನೆ ಕಾಕಾಗ ತೋರಿಸಿದ್ದೇನು?’ ಇಲ್ಲ ಅಂದೆ. ‘ಮ್ಯಾನೇಜರ್‌ಗೆ?’ ಇಲ್ಲ. ‘ಮತ್ತ ಯಾರಿಗೆ ತೋರಿಸಿದ್ದಿ?’ ಯಾರಿಗೂ ಇಲ್ಲ. ಅಚ್ಚರಿ ಮೂಡಿಸಬೇಕು ಅಂತ ಇಟ್ಟುಕೊಂಡಿದ್ದೆ, ಅದನ್ನು ಮಾತ್ರ ಹೇಳಲಿಲ್ಲ.

ಮೇಡಂ ಹೇಳಿದ್ದು ಇಷ್ಟು: ಮೀಟಿಂಗ್ ಅನ್ನೋದು ಮೀಟಿಂಗಿಗೆ ಮೊದಲೇ ಮುಗಿದಿರಬೇಕು. ಗೋಡೆ ಮೇಲೆ ಬರುವ ಪ್ರತಿ ಅಂಕಿಯನ್ನು ಅದು ಯಾರ ಮೈಗೆ ತಾಗುತ್ತದೋ ಅವರು ಮೊದಲೇ, ಒಬ್ಬರೇ ಇದ್ದಾಗ, ನೋಡಿರಬೇಕು. ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಸರಿಯಿದ್ದರೆ ಅರಗಿಸಿಕೊಳ್ಳಲು ಅವರಿಗೆ ಒಂದು ರಾತ್ರಿ ಸಿಗುತ್ತದೆ. ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಪ್ರೀ–ವೈರಿಂಗ್ ಅನ್ನುತ್ತಾರಂತೆ. ನಮ್ಮಲ್ಲಿ ಮದುವೆ ಮಾತುಕತೆಗೆ ಹಿರಿಯರು ಕೂರುವ ಮುಂಚೆ ಸೋದರಮಾವ ಎರಡೂ ಮನೆಗೆ ನಾಲ್ಕು ಸಲ ಓಡಾಡಿರುತ್ತಾನಲ್ಲ, ಅದೇ. ನನಗೆ ಇಂಗ್ಲಿಷ್ ಹೆಸರಿಗಿಂತ ಸೋದರಮಾವನೇ ಚೆನ್ನಾಗಿ ಅರ್ಥವಾದ.

ಮರುದಿನದಿಂದ ಫೌಂಡ್ರಿಯಲ್ಲಿ ನನಗೆ ಯಾರೂ ಏನೂ ಹೇಳದಾದರು. ಕೇಳಿದ್ದಕ್ಕೆಲ್ಲ ‘ಹೌದ್ರಿ’, ‘ನೋಡೂಣ್ರಿ’, ‘ಮಾಡೂಣ ತಗೋರಿ’. ಉತ್ತರ ಕರ್ನಾಟಕದಲ್ಲಿ ಹುಟ್ಟಿ ಬೆಳೆದವಳಿಗೆ ಇದು ತಿಳಿಯಬೇಕಿತ್ತು. ನಮ್ಮ ಕಡೆ ಎದುರಿಗೆ ಯಾರೂ ಆಗಲ್ಲ ಅನ್ನುವುದಿಲ್ಲ. ‘ಮಾಡೂಣ’ ಅಂದರೆ ಮಾಡಬಹುದು. ‘ಮಾಡೂಣ ತಗೋರಿ’ ಅಂದರೆ ಮಾಡುವುದಿಲ್ಲ. ಆ ‘ತಗೋರಿ’ ಅನ್ನೋದು ಬಾಗಿಲು ಹಾಕಿಕೊಳ್ಳುವ ಸದ್ದು. ಊರಲ್ಲಿ ಸಾಲ ಕೇಳಲು ಬಂದವರಿಗೆ ನಮ್ಮಪ್ಪ ಹಾಗೇ ಅನ್ನುತ್ತಿದ್ದ. ಮನೆಯಲ್ಲಿ ಗೊತ್ತಿದ್ದ ಭಾಷೆಯನ್ನು ನೋಟ್‌ಬುಕ್ ಕೈಗೆ ಬಂದ ತಕ್ಷಣ ಮರೆತುಬಿಟ್ಟಿದ್ದೆ. ನನ್ನ ನೋಟ್‌ಬುಕ್ಕಿನಲ್ಲಿ ‘ಒಪ್ಪಿಕೊಂಡಿದ್ದಾರೆ’ ಅಂತ ಬರೆದ ಏಳೆಂಟು ಸಾಲು ಇದ್ದವು. ಎಲ್ಲಾ ‘ತಗೋರಿ’ಗಳೇ.

ಕಾಕಾ ಹತ್ತಿರ ಹೋಗಿ ತಪ್ಪಾಯ್ತು ಅಂದೆ. ಅದಕ್ಕೊಂದು ತಾಲೀಮು ಏನೂ ಮಾಡಿಕೊಂಡಿರಲಿಲ್ಲ. ‘ನೀವು ಹೇಳಿದ್ದ ಖರೇ ರೀ. ನಾ ಕೇಳಬೇಕಾಗಿತ್ತು, ಕೇಳಲಿಲ್ಲ. ಎರಕ ಹೊಯ್ದ ತಾರೀಖು ಹೆಂಗ ಹುಡುಕಬೇಕು, ಹೇಳಿ ಕೊಡ್ರಿ’ ಅಂದೆ. ಅವರು ಮುಖ ನೋಡಿ, ಕೆಟ್ಟ ಮಾಲಿನ ರಾಶಿ ಕಡೆ ನಡೆದರು. ಒಂದು ವಾಲ್ವ್ ಬಾಡಿ ಎತ್ತಿ, ವೈರ್ ಬ್ರಶ್ಶಿನಿಂದ ಮೈ ಉಜ್ಜಿದರು. ಕಿಲುಬು ಹೋಗಿ ನಾಲ್ಕು ಉಬ್ಬು ಅಂಕಿ ಕಂಡವು. ಹೀಟ್ ನಂಬರು. ಅಚ್ಚಿನಲ್ಲೇ ಕೂರಿಸಿದ ಅಂಕಿ, ಯಾವ ಕುಲುಮೆ ಹೊಯ್ತದಲ್ಲಿ ಆ ಮಾಲು ಹುಟ್ಟಿತು ಅಂತ ಹೇಳುತ್ತದೆ. ಕುಲುಮೆಯ ಹತ್ತಿರ ಇನ್ನೊಂದು ಪುಸ್ತಕ ಇರುತ್ತದೆ, ಅದರಲ್ಲಿ ಪ್ರತಿ ಹೀಟಿಗೂ ಗಂಟೆ–ನಿಮಿಷ ಬರೆದಿರುತ್ತಾರೆ. ಎರಡನ್ನೂ ಕೂಡಿಸಿದರೆ ಆಯಿತು. ಎರಡು ವಾರ ನಾನು ನೋಡಿದ ರಜಿಸ್ಟರ್‌ಗಿಂತ ಹೆಚ್ಚು ಸತ್ಯ ಆ ರಾಶಿಯ ಮೈಮೇಲೇ ಬರೆದಿತ್ತು.

ನಾಲ್ಕು ದಿನ ಆ ರಾಶಿಯ ಮುಂದೆ ಸೀಮೆಸುಣ್ಣ, ಬ್ರಶ್ಶು ಹಿಡಿದು ಕೂತೆ. ಏಪ್ರಿಲ್ ಬಿಸಿಲು, ಮೇಲೆ ತಗಡು. ಮೂರನೇ ದಿನ ಕಾಕಾ ಒಬ್ಬ ಹುಡುಗನನ್ನು ಕಳಿಸಿದರು, ‘ಆ ತಂಗಿಗೆ ಎತ್ತಿ ಕೊಡು ಹೋಗು’ ಅಂತ. ಮೇಡಂರ ಹೋಗಿ ತಂಗಿ ಆಗಿದ್ದೆ. ಪ್ರಮೋಷನ್ ಸಿಕ್ಕಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಹೀಗೆ ಹೊಸದಾಗಿ ಬಂದ ಲೆಕ್ಕ ಯಾವ ಪಾಳಿಯ ತಪ್ಪನ್ನೂ ತೋರಿಸಲಿಲ್ಲ. ಕೆಟ್ಟ ಮಾಲೆಲ್ಲ ಹೆಚ್ಚಾಗಿ ಮಧ್ಯಾಹ್ನ ಎರಡರಿಂದ ಸಂಜೆ ಏಳರ ನಡುವೆ ಹೊಯ್ದದ್ದು. ಪಾಳಿ ಬದಲಾಗುವುದು ಮೂರೂವರೆಗೆ. ಅಂದರೆ ಅರ್ಧ ಪಾಪ ಇವರದು, ಅರ್ಧ ಅವರದು. ಎರಡೂ ಕಡೆಯವರು ವರ್ಷಗಟ್ಟಲೆ ಒಬ್ಬರನ್ನೊಬ್ಬರು ದೂರಿಕೊಂಡು ಬಂದಿದ್ದರು. ರಾತ್ರಿ ಎಂಟಕ್ಕೆ ಊಟದ ಬಿಡುವಾದ ಮೇಲೆ ಕೆಡುವುದು ತಾನಾಗಿ ಕಡಿಮೆ. ಊಟಕ್ಕೂ ಎರಕಕ್ಕೂ ಏನು ಸಂಬಂಧ?

ಅದನ್ನು ಕೇಳಲು ಹೋಗಿ ನನಗೆ ಈ ವೃತ್ತಿಯ ಅತಿ ಮುಖ್ಯ ಪಾಠ ಸಿಕ್ಕಿತು, ಅದೂ ವ್ಯಾಕರಣದ ಪಾಠ. ಟೊಯೊಟಾದ ತೈಚಿ ಓನೊ ಹೇಳಿಕೊಟ್ಟ ಪದ್ಧತಿ ಒಂದಿದೆ: ಒಂದು ತೊಂದರೆ ಕಂಡರೆ ಐದು ಸಲ ‘ಏಕೆ’ ಅಂತ ಕೇಳುತ್ತಾ ಹೋಗು, ಬೇರು ಸಿಗುತ್ತದೆ. ಓದಲು ಚಂದ. ನಾನು ಉಸುಕು ಕಲಸುವ ಮಿಲ್ಲಿನ ಮುಂದೆ ನಿಂತಿದ್ದ ಅಣ್ಣನಿಗೆ ‘ಮಧ್ಯಾಹ್ನ ಉಸುಕು ಯಾಕ ಸರಿ ಬರೂದಿಲ್ರಿ?’ ಅಂದೆ. ಅವರ ಮುಖ ಬಿಗಿಯಾಯಿತು. ‘ನಾ ಸರೀನ ಕಲಸತೇನ್ರಿ.’ ‘ಮತ್ತ ಯಾಕ ಕೆಡತಾವು?’ ‘ನನಗೇನ್ ಗೊತ್ರಿ, ಮೋಲ್ಡಿಂಗ್‌ನವ್ರನ್ನ ಕೇಳ್ರಿ.’ ಎರಡನೇ ‘ಯಾಕ’ಕ್ಕೇ ಕಥೆ ಮುಗಿಯಿತು. ಕನ್ನಡದಲ್ಲಿ ‘ಯಾಕ’ ಅನ್ನೋದು ಪ್ರಶ್ನೆಯಲ್ಲ, ಬೈಗುಳದ ಪೀಠಿಕೆ. ‘ಯಾಕ ತಡಾ?’, ‘ಯಾಕ ಹಿಂಗ ಮಾಡಿದಿ?’ – ಮನೆಯಲ್ಲಿ ನಾವೆಲ್ಲ ಆ ಪದ ಕೇಳಿರುವುದು ಪೆಟ್ಟು ಬೀಳುವ ಮುಂಚೆ. ಅದನ್ನೇ ಐದು ಸಲ ಕೇಳಿದರೆ ಪೊಲೀಸ್ ಠಾಣೆಯಾಗುತ್ತದೆ.

ಮರುದಿನ ಏನೂ ಕೇಳದೆ ಮಿಲ್ಲಿನ ಪಕ್ಕ ಒಂದು ತಾಸು ನಿಂತೆ. ಅವರು ಪ್ರತಿ ಬ್ಯಾಚಿಗೂ ಒಂದು ಮುಷ್ಟಿ ಉಸುಕು ತೆಗೆದು, ಹಿಂಡಿ, ಉಂಡೆಯನ್ನು ಮಧ್ಯಕ್ಕೆ ಮುರಿದು, ಮುರಿದ ಅಂಚನ್ನು ನೋಡಿ, ಎಸೆಯುತ್ತಿದ್ದರು. ಮಧ್ಯಾಹ್ನ ಎರಡೂಕಾಲಕ್ಕೆ ಒಂದು ಉಂಡೆ ಮುರಿಯುವ ಮೊದಲೇ ಬೆರಳ ಸಂದಿಯಿಂದ ಸೋರಿತು. ‘ಈಗ ಏನಾತ್ರಿ ಅಣ್ಣಾರ?’ ಅಂದೆ. ಅಂದು ಸುಮ್ಮನಾದೆ. ಸುಮ್ಮನಿರುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು. ಐದು ಸೆಕೆಂಡು ಕಳೆಯುವಷ್ಟರಲ್ಲಿ ಉತ್ತರವನ್ನೂ ನಾನೇ ಹೇಳಿಬಿಡಬೇಕು ಅನ್ನಿಸುತ್ತಿತ್ತು. ಕಾಲ್ಬೆರಳು ಬೂಟಿನೊಳಗೆ ಮಡಚಿ ನಿಂತೆ.

‘ಮುಟ್ಟಿ ನೋಡ್ರಿ’ ಅಂದರು.

ಬಿಸಿ. ಸ್ನಾನದ ನೀರಿಗಿಂತ ಬಿಸಿ.

ಆಮೇಲೆ ಅವರು ನಿಲ್ಲಿಸಲಿಲ್ಲ. ಉಸುಕು ಒಂದೇ ಇರುವುದು. ಅದೇ ಅಚ್ಚಾಗಿ, ಕಾದ ಲೋಹ ಉಂಡು, ಒಡೆದು, ಬೆಲ್ಟಿನ ಮೇಲೆ ತಿರುಗಿ ಮಿಲ್ಲಿಗೆ ಬರುತ್ತದೆ. ಬೆಳಗ್ಗೆ ಏಳಕ್ಕೆ ತಣ್ಣಗಿರುತ್ತದೆ. ಮಧ್ಯಾಹ್ನದ ಹೊತ್ತಿಗೆ ನಾಲ್ಕೈದು ಸುತ್ತು ಆಗಿ, ಆರಲು ಪುರಸತ್ತಿಲ್ಲದೆ ಕಾವೇರಿರುತ್ತದೆ. ನೀರು ಹಾಕಿದರೆ ಅಚ್ಚಿಗೆ ಹೋಗುವಷ್ಟರಲ್ಲಿ ಆವಿ. ಅಂಚು ಒಣಗಿ ಉದುರುತ್ತದೆ, ಅಚ್ಚು ಮೂಡಿಸುವ ಪ್ಯಾಟರ್ನಿಗೆ ಮೆತ್ತಿಕೊಳ್ಳುತ್ತದೆ. ಊಟದ ಬಿಡುವಿನಲ್ಲಿ ಉಸುಕಿಗೂ ಬಿಡುವು, ತಂಗಾಳಿಯೂ ಬಿಡುತ್ತದೆ. ಪುಸ್ತಕಗಳಲ್ಲಿ ಇದಕ್ಕೆ ಹಾಟ್ ಸ್ಯಾಂಡ್ ಅನ್ನುತ್ತಾರೆ. ಮರಳಿ ಬಂದ ಉಸುಕು ಸುಮಾರು 50 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹಸಿ ಉಸುಕಿನ ಅಚ್ಚಿಗೆ ಕಾಟ ಶುರು ಅಂತ ನಾನೇ ಪರೀಕ್ಷೆಗೆ ಓದಿ ಬರೆದಿದ್ದೆ. ಓದಿದ್ದು ಮುಟ್ಟಿದಾಗ ನೆನಪಾಯಿತು. ಲ್ಯಾಬಿನವರು ತೇವಾಂಶ ಅಳೆಯುತ್ತಿದ್ದದ್ದು ದಿನಕ್ಕೊಂದು ಸಲ, ಬೆಳಗ್ಗೆ ಎಂಟಕ್ಕೆ, ಎಲ್ಲ ಸರಿಯಿದ್ದಾಗ.

‘ಇದನ್ನ ಮದಲ ಯಾರಿಗಾರ ಹೇಳೀರೇನ್ರಿ?’ ಅಂದೆ.

‘ಯಾರ್ ಕೇಳ್ಯಾರ್ರಿ?’

ಇಲ್ಲಿ ಎರಡನೇ ಎಡವಟ್ಟು ಹೇಳಬೇಕು, ಇದು ಬಾಯಿ ಬೇಗ ಓಡಿದ್ದರ ಫಲ. ಚಾ ಕುಡಿಯುವಾಗ ಮಾಲೀಕರ ತಮ್ಮ ಕೇಳಿದ್ದರು: ‘ಸರ್ಕಾರದ ಲೀನ್ ಯೋಜನಾದಾಗ ನೂರಕ್ಕ ತೊಂಬತ್ತ ಕೊಡ್ತಾರಂತಲ್ರಿ?’ ‘ಹೌದ್ರಿ, ಶೇ. 90’ ಅಂದೆ ಠೀವಿಯಿಂದ. ಕೇಂದ್ರದ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಸಚಿವಾಲಯ 2023ರಲ್ಲಿ ಹೊಸ ರೂಪದಲ್ಲಿ ತಂದ, ಕಾರ್ಖಾನೆಯ ಪೋಲು ತಗ್ಗಿಸುವ ಆ ಯೋಜನೆಯಲ್ಲಿ ಶೇ. 90 ಸಿಗುವುದು ನಿಜ, ಆದರೆ ಅದು ಸಲಹೆಗಾರರ ವೆಚ್ಚಕ್ಕೆ. ಯಂತ್ರಕ್ಕಲ್ಲ. ಅವರು ಕೇಳಿದ್ದು ಉಸುಕು ತಣಿಸುವ ಯಂತ್ರದ ಬಗ್ಗೆ. ಎರಡು ದಿನದಲ್ಲಿ ಆ ‘ಹೌದ್ರಿ’ ಮನೆಯ ಊಟದ ತಟ್ಟೆಯವರೆಗೂ ಹೋಗಿ, ಯಂತ್ರ ಬಹುತೇಕ ಪುಕ್ಕಟೆ ಬರುತ್ತದೆ ಅಂತ ಆಗಿತ್ತು. ನಾನೇ ಹೋಗಿ ಅಲ್ಲಗಳೆಯಬೇಕಾಯಿತು. ಆಮೇಲಿನಿಂದ ನನ್ನ ಬಾಯಲ್ಲಿ ಒಂದು ಸಾಲು ರೂಢಿಯಾಗಿದೆ: ‘ಈಗ ಗೊತ್ತಿಲ್ರಿ. ನಾಳೆ ಸಂಜೀ ಐದರೊಳಗ ಹೇಳ್ತೀನಿ.’ ಇದರಲ್ಲಿ ಗೊತ್ತಿಲ್ಲ ಅನ್ನೋದು ಸುಲಭ. ಮರುದಿನ ಐದರೊಳಗೆ ಹೇಳುವುದೇ ಕೆಲಸ. ‘ಇನ್ನೂ ಗೊತ್ತಾಗಿಲ್ಲ’ ಅಂತ ಹೇಳಲಾದರೂ ಐದಕ್ಕೆ ಫೋನ್ ಹೋಗಬೇಕು.

ಅದೇ ಹೊತ್ತಿಗೆ ಇನ್ನೊಂದು ಅಭ್ಯಾಸ ಶುರುವಾಯಿತು: ದಿನಾ ಸಂಜೆ ಮಾಲೀಕರಿಗೆ, ಮ್ಯಾನೇಜರ್‌ಗೆ ವಾಟ್ಸ್‌ಆಪ್‌ನಲ್ಲಿ ಮೂರು ಸಾಲು, ಕನ್ನಡದಲ್ಲಿ. ಇವತ್ತು ಏನು ನೋಡಿದೆ, ಯಾರು ಏನು ಮಾಡುವುದಾಗಿ ಒಪ್ಪಿದರು, ನಾಳೆ ಏನು. ‘ತಗೋರಿ’ಗಳು ಇಲ್ಲಿ ಸೋಸಿಹೋಗುತ್ತವೆ. ಬರೆದು ಕಳಿಸಿದ್ದಕ್ಕೆ ಯಾರಾದರೂ ‘ನಾ ಹಂಗಂದಿಲ್ಲ’ ಅಂದರೆ ಅಂದೇ ಗೊತ್ತಾಗುತ್ತದೆ.

ಕೊನೆಯ ಮೀಟಿಂಗಿಗೆ ಮುಂಚೆ ಸೋದರಮಾವನ ಓಡಾಟ ಮಾಡಿದೆ. ಮೊದಲು ಮಿಲ್ಲಿನ ಅಣ್ಣನ ಹತ್ತಿರ: ‘ನಿಮ್ಮ ಹೆಸರು ಹೇಳಲೇನ್ರಿ, ಬ್ಯಾಡೇನ್ರಿ?’ ಅವರು ಒಂದು ದಿನ ಯೋಚಿಸಿ ‘ಹೇಳ್ರಿ, ಆದ್ರ ನಾ ಕಂಪ್ಲೇಂಟ್ ಮಾಡ್ದೆ ಅಂತ ಹೇಳಬ್ಯಾಡ್ರಿ’ ಅಂದರು. ಎಷ್ಟು ಸೂಕ್ಷ್ಮ ನೋಡಿ. ಆಮೇಲೆ ಇಬ್ಬರು ಸೂಪರ್‌ವೈಸರ್‌ಗಳನ್ನೂ ಒಟ್ಟಿಗೆ ಕೂರಿಸಿ ಗಂಟೆವಾರು ಲೆಕ್ಕ ತೋರಿಸಿದೆ. ಅವರ ಮುಖದಲ್ಲಿ ಮೊದಲು ಬಂದದ್ದು ನಿರಾಳ, ಆಮೇಲೆ ನಗು. ಪ್ರೊಡಕ್ಷನ್ ಮ್ಯಾನೇಜರ್ ಮಾತ್ರ ಬಿಗಿಯಾಗಿದ್ದರು. ದಿನಕ್ಕೊಂದೇ ತೇವಾಂಶ ಪರೀಕ್ಷೆ ಅವರ ಜವಾಬ್ದಾರಿಗೆ ಬರುವುದು. ಅವರಿಗೆ ಒಂದು ದಿನ ಮೊದಲೇ ಹೇಳಿದ್ದರಿಂದ, ಮೀಟಿಂಗಿನಲ್ಲಿ ಎರಡು ತಾಸಿಗೊಮ್ಮೆ ಪರೀಕ್ಷೆ ಮಾಡಿಸುವ ಮಾತನ್ನು ಅವರೇ ಎತ್ತಿದರು. ತಮ್ಮದೇ ಯೋಚನೆ ಅನ್ನುವ ಹಾಗೆ ಎತ್ತಿದರು. ನನಗೆ ಒಳಗೆ ಒಂಚೂರು ಉರಿಯಿತು. ಮೇಡಂ ಮೇಜಿನ ಕೆಳಗೆ ನನ್ನ ಕಾಲು ತುಳಿದರು.

ಈ ಸಲ ಪ್ರೊಜೆಕ್ಟರ್ ಇರಲಿಲ್ಲ. ಕನ್ನಡದಲ್ಲಿ ಒಂದೇ ಪುಟ. ಪರೀಕ್ಷೆಯಲ್ಲಿ ಬರೆದ ಹಾಗೆ ಪೀಠಿಕೆ, ವಿವರಣೆ, ಕೊನೆಗೆ ಉಪಸಂಹಾರ ಅಂತ ಬರೆದಿದ್ದೆ. ಮೇಡಂ ಅದನ್ನು ತಲೆಕೆಳಗು ಮಾಡಿಸಿದ್ದರು. ಮೊದಲ ಸಾಲು: ಮಧ್ಯಾಹ್ನ ಉಸುಕು ಬಿಸಿಯಾಗಿ ಮಾಲು ಕೆಡುತ್ತಿದೆ, ಪಾಳಿಯ ತಪ್ಪಲ್ಲ. ಎರಡನೇ ಸಾಲು: ಇದಕ್ಕೆ ಮೊದಲು ಮಾಡಬೇಕಾದ್ದು ಇಷ್ಟು, ಖರ್ಚು ಇಷ್ಟು. ಮರಳಿ ಬರುವ ಬೆಲ್ಟಿನ ಮೇಲೇ ನೀರು ಸಿಂಪಡಿಸಿ ಗಾಳಿ ಬಿಟ್ಟು ಆರಿಸುವುದು, ಉಸುಕಿನ ಒಟ್ಟು ಪ್ರಮಾಣ ಹೆಚ್ಚಿಸಿ ಸುತ್ತು ನಿಧಾನ ಮಾಡುವುದು. ದೊಡ್ಡ ಯಂತ್ರ ಆಮೇಲೆ. ಕಾರಣಗಳೆಲ್ಲ ಕೆಳಗೆ. ಮಾಲೀಕರು ಎರಡು ಸಾಲು ಓದಿ ಪುಟ ಮಡಚಿ ಕಿಸೆಯಲ್ಲಿಟ್ಟುಕೊಂಡು, ‘ಮಿಲ್ಲಿನವನ್ನ ಕರೀರಿ’ ಅಂದರು. ಆ ಅಣ್ಣ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬಂದರು. ಹತ್ತು ನಿಮಿಷ ಅವರೇ ಮಾತಾಡಿದರು. ಕುಂದಾ ಖಾಲಿಯಾಯಿತು.

ಮಳೆಗಾಲ ಶುರುವಾಗುವ ಹೊತ್ತಿಗೆ ಬೆಲ್ಟಿನ ಮೇಲೆ ನೀರಿನ ಪೈಪು ಬಂತು. ಕೆಡುವುದು ಇಳಿಯಿತು. ಎಷ್ಟು ಪೈಪಿನಿಂದ, ಎಷ್ಟು ಬೆಳಗಾವಿಯ ಮಳೆಯ ತಂಪಿನಿಂದ ಅಂತ ಮುಂದಿನ ಬೇಸಿಗೆಯವರೆಗೆ ಹೇಳಲಾಗದು, ಹಾಗಂತ ಬರೆದೇ ಕೊಟ್ಟೆವು.

ಉಳಿದದ್ದು ನಮ್ಮ ಕೊನೆಯ ಕಂತಿನ ಬಿಲ್ಲು. ಈ ವಿದ್ಯೆಯನ್ನಂತೂ ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ಕಾನೂನು ನಮ್ಮ ಕಡೆಗಿದೆ. 2006ರ ಎಂಎಸ್‌ಎಂಇಡಿ ಕಾಯ್ದೆ ಪ್ರಕಾರ ನಮ್ಮಂಥ ಸಣ್ಣವರ ಬಾಕಿಯನ್ನು, ಬರಹದಲ್ಲಿ ಏನೇ ಒಪ್ಪಂದವಿದ್ದರೂ, 45 ದಿನದೊಳಗೆ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕ್ ಗೊತ್ತುಮಾಡುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಅರವತ್ತನೇ ದಿನ ಮೇಡಂ ನನ್ನನ್ನೇ ಕಳಿಸಿದರು. ಕಾಯ್ದೆಯ ಕಲಮುಗಳನ್ನು ಬಾಯಿಪಾಠ ಮಾಡಿಕೊಂಡು ಹೋದೆ. ಮಾಲೀಕರು ಚಾ ತರಿಸಿದರು, ಊರ ಕಡೆ ಮಳೆ ಕೇಳಿದರು, ಮಗಳ ಮದುವೆ ಫೋಟೊ ತೋರಿಸಿದರು. ಚಾ ಕುಡಿದು, ಫೋಟೊ ನೋಡಿ, ನಮಸ್ಕಾರ ಮಾಡಿ ವಾಪಸ್ ಬಂದೆ. ಬಿಲ್ಲಿನ ಮಾತು ಬಾಯಿಗೆ ಬರಲೇ ಇಲ್ಲ. ಮೇಡಂ ಅರ್ಧ ದಿನ ನಕ್ಕರು.

ಮುಂದಿನ ವಾರ ಮತ್ತೆ ಹೋದೆ. ಚಾ ಬರುವ ಮೊದಲೇ ಅಂದೆ, ‘ಸಾಹೇಬ್ರ, ಕೊನೀ ಬಿಲ್ಲು ಅರವತ್ತೇಳು ದಿನ ಆತ್ರಿ. ಈ ವಾರ ಬೇಕಾಗಿತ್ತು.’

ಅವರು ‘ಆತು, ಮಾಡೂಣ ತಗೋರಿ’ ಅಂದರು.

ನಾನು ಏಳಲಿಲ್ಲ. ಮಾತೂ ಆಡಲಿಲ್ಲ. ಬೂಟಿನೊಳಗೆ ಬೆರಳು ಮಡಚಿಕೊಂಡು ಗೋಡೆಯ ಮೇಲಿನ ರೇಣುಕಾ ಯಲ್ಲಮ್ಮನ ಕ್ಯಾಲೆಂಡರ್ ನೋಡುತ್ತ ಕೂತೆ. ಹೊರಗೆ ಅಚ್ಚು ಒಡೆಯುವ ಶೇಕ್‌ಔಟ್ ದಡದಡ ಅನ್ನುತ್ತಿತ್ತು. ಅವರು ಪೆನ್ನು ಎತ್ತಿದರು, ಇಟ್ಟರು. ನನ್ನ ಮುಖ ನೋಡಿದರು. ಆಮೇಲೆ ಬೆಲ್ ಒತ್ತಿ, ‘ಅಕೌಂಟಿನವ್ರಿಗೆ ಚೆಕ್‌ಬುಕ್ ತಗೊಂಡು ಬಾ ಅನ್ನು’ ಅಂದರು.